ಪಾಠ ಯಾರಿಗೆ?

ಮೂರು ವಾರ ನಮ್ಮಲ್ಲಿ ಬಿಡಿ, ಹೇಳಿದ ಮಾತು ಕೇಳುವ ನಾಯಿಯನ್ನು ಕರೆದುಕೊಂಡು ಹೋಗಿ ಎಂಬ ಧಾಟಿಯ ಜಾಹೀರಾತುಗಳು ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಈಗ ಮಾಮೂಲು. ಸ್ಕೂಟರನ್ನು ಸರ್ವೀಸಿಗೆ ಬಿಟ್ಟಂತೆ ನಾಯಿಯನ್ನೂ ಬಿಟ್ಟು ಬರಬಹುದೆಂಬ ನಂಬಿಕೆಯೇ ಈ ವ್ಯಾಪಾರದ ಬಂಡವಾಳ. ತರಬೇತುದಾರನ ಕಸುಬಿನಲ್ಲಿ ನಾಯಿಯ ಪಾಲು ಸಣ್ಣದು, ಮನೆಯವರ ಪಾಲು ದೊಡ್ಡದು ಎಂದು ನಂಬಿದವನು ನಾನು. ಮನೆಯವರಿಗೆ ಕಲಿಸಲು ಒಲ್ಲದವನು ಎಷ್ಟೇ ನುರಿತವನಾಗಿರಲಿ, ಅರ್ಧ ಕೆಲಸಕ್ಕೆ ಪೂರ್ತಿ ದುಡ್ಡು ಎಣಿಸಿಕೊಳ್ಳುತ್ತಿದ್ದಾನೆ.

ಏನು ಮಾಡಿದರೆ ಏನು ಸಿಗುತ್ತದೆ ಎನ್ನುವುದಷ್ಟೇ ನಾಯಿಯ ಪಠ್ಯ. ಊಟದ ಮೇಜಿನ ಕೆಳಗೆ ಒಮ್ಮೆ ಬಗ್ಗಿ ನೋಡಿ. ಅಮ್ಮ ಗದರುತ್ತಿರುತ್ತಾರೆ, ಮಗ ಫೋನಿನಲ್ಲಿ ಮುಳುಗಿರುತ್ತಾನೆ, ಅಜ್ಜ ಯಾರಿಗೂ ಕಾಣದಂತೆ ದೋಸೆಯ ಅಂಚು ಮುರಿದು ಕೆಳಗೆ ಬಿಡುತ್ತಾರೆ. ದಿನಾ ಅಲ್ಲ, ಆಗೊಮ್ಮೆ ಈಗೊಮ್ಮೆ. ಎಡವಟ್ಟು ಇರುವುದೇ ಅಲ್ಲಿ. ತಪ್ಪದೆ ಸಿಗುವ ಬಹುಮಾನಕ್ಕಿಂತ ಯಾವಾಗ ಸಿಕ್ಕೀತೋ ತಿಳಿಯದ ಬಹುಮಾನ ಅಭ್ಯಾಸವನ್ನು ಬಹುಕಾಲ ಉಳಿಸುತ್ತದೆಂದು ಅಮೆರಿಕದ ಮನೋವಿಜ್ಞಾನಿ ಬಿ.ಎಫ್. ಸ್ಕಿನ್ನರ್ ಇಲಿ, ಪಾರಿವಾಳಗಳ ಮೇಲಿನ ಪ್ರಯೋಗಗಳಲ್ಲಿ ತೋರಿಸಿದ್ದರು. ಅಜ್ಜ ಸ್ಕಿನ್ನರನನ್ನು ಓದದೆಯೇ ಅನುಸರಿಸುತ್ತಿದ್ದಾರೆ. ಬಂದವರ ಎದೆಗೆ ಕಾಲು ಹಾಕುವ ನಾಯಿಯನ್ನು ನಾವು ಎರಡೂ ಕೈಯಿಂದ ತಳ್ಳುತ್ತೇವೆ. ಅದಕ್ಕೆ ಅದೇ ಆಟ. ಬೀದಿಯ ತಿರುವಿನಲ್ಲಿ ಇನ್ನೊಂದು ನಾಯಿ ಎದುರಾದೀತೆಂದು ಒಡತಿಯ ಮುಷ್ಟಿ ಮೊದಲೇ ಬಿಗಿಯುತ್ತದೆ, ಹಗ್ಗ ಎಳೆಯುತ್ತದೆ, ಕೊರಳಪಟ್ಟಿ ಒತ್ತುತ್ತದೆ. ಏನೋ ಅಪಾಯವಿದೆ ಎಂದು ನಾಯಿಗೆ ಸುದ್ದಿ ಮುಟ್ಟುತ್ತದೆ. ಇದನ್ನೆಲ್ಲ ಊರಾಚೆಯ ನಾಯಿ ಹಾಸ್ಟೆಲಿನಲ್ಲಿ ತಿದ್ದುವುದು ಹೇಗೆ? ಅಜ್ಜನೂ ಆ ಮುಷ್ಟಿಯೂ ಇರುವುದು ಮನೆಯಲ್ಲಿ.

‘ನೀವು ಆಲ್ಫಾ ಆಗಬೇಕು ಸಾರ್’, ಅಂದರೆ ಗುಂಪನ್ನು ಅದುಮಿಟ್ಟು ಆಳುವ ಯಜಮಾನನಾಗಬೇಕು ಎಂದು ಬೋಧಿಸುವ ತರಬೇತುದಾರರೂ ಇದ್ದಾರೆ. ಮಾಲೀಕನಿಗೂ ಪಾಠ ಹೇಳಿದಂತಾಯಿತು ಎನ್ನುವಿರೇನೋ, ಪಾಠವೇ ತಪ್ಪು. ಈ ಆಲ್ಫಾ ಕಥೆಯ ಮೂಲ ಮೃಗಾಲಯದ ಬೇಲಿಯೊಳಗಿದೆ. ಸ್ವಿಟ್ಜರ್‌ಲೆಂಡಿನ ಬಾಸೆಲ್‌ನಲ್ಲಿ ಸೆರೆಯಲ್ಲಿದ್ದ ತೋಳಗಳನ್ನು ಗಮನಿಸಿ ರುಡಾಲ್ಫ್ ಶೆಂಕೆಲ್ 1947ರಲ್ಲಿ ಬರೆದ ಅಧ್ಯಯನದಲ್ಲಿ ಮೇಲುಗೈಗಾಗಿ ನಡೆಯುವ ಜಗಳಗಳ ವಿವರಗಳಿದ್ದವು. ತೋಳಗಳ ತಜ್ಞ ಡೇವಿಡ್ ಮೆಕ್ 1970ರ ತಮ್ಮ ತೋಳದ ಪುಸ್ತಕದಲ್ಲಿ ಆ ಕಲ್ಪನೆಯನ್ನು ಜನಪ್ರಿಯಗೊಳಿಸಿದರು. ಮುಂದೆ ಅದೇ ಮೆಕ್ ಕೆನಡಾದ ಎಲ್ಸ್‌ಮಿಯರ್ ದ್ವೀಪದಲ್ಲಿ ಬೇಸಿಗೆಯಿಂದ ಬೇಸಿಗೆಗೆ ಕಾಡುತೋಳಗಳ ಜೊತೆಗಿದ್ದು ನೋಡಿದಾಗ ಕಂಡದ್ದು ತಂದೆ, ತಾಯಿ, ಮರಿಗಳ ಸಂಸಾರ. ಮರಿಗಳನ್ನು ಮುನ್ನಡೆಸಲು ತಾಯಿತಂದೆ ಯಾವ ಕುಸ್ತಿ ಗೆಲ್ಲಬೇಕು? 1999ರ ಪ್ರಬಂಧದಲ್ಲಿ ಅವರು ಇದನ್ನು ಸ್ಪಷ್ಟವಾಗಿ ಬರೆದರು, ತಮ್ಮ ಹಳೆಯ ಪುಸ್ತಕದ ಮುದ್ರಣ ನಿಲ್ಲಿಸುವಂತೆ ಪ್ರಕಾಶಕರನ್ನೇ ಕೇಳಿಕೊಂಡರು. ಹೇಳಿದವರೇ ಹಿಂತೆಗೆದುಕೊಂಡ ಮಾತನ್ನು ನಮ್ಮವರು ಜಯನಗರದ ಪಾರ್ಕಿನಲ್ಲಿ ಲ್ಯಾಬ್ರಡಾರ್ ಮರಿಯನ್ನು ನೆಲಕ್ಕೆ ಅದುಮಿ ಜಾರಿಗೆ ತರುತ್ತಿದ್ದಾರೆ! ಮರಿ ಸುಮ್ಮನಾಗುವುದು ಹೆದರಿಕೆಗೆ. ಅದನ್ನು ಗೌರವವೆಂದು ಮಾರುವುದು ಮೋಸ. ಹೊಡೆಯದೆ ನಾಯಿ ಬಗ್ಗದು ಎನ್ನುವವರಿಗಂತೂ ಉತ್ತರವೇ ಬೇಕಿಲ್ಲ.

ಹಾಸ್ಟೆಲಿನ ಪರವಾದ ಒಂದು ವಾದವನ್ನು ಮಾತ್ರ ಹಾಗೆ ತಳ್ಳಿಹಾಕಲಾರೆ. ಕಚ್ಚಲು ಶುರುಮಾಡಿದ ದೊಡ್ಡ ರಾಟ್‌ವೀಲರನ್ನು ಮೊಣಕಾಲು ನೋವಿನ ವೃದ್ಧ ದಂಪತಿಯ ಕೈಗೆ ಕೊಟ್ಟು ‘ನೀವೇ ಕಲಿಸಿ’ ಎನ್ನುವುದು ಕ್ರೌರ್ಯ. ಕಲಿಸುವುದರಲ್ಲಿ ಕೈಚಳಕವೂ ಇದೆ. ನಾಯಿ ಕೂತ ಕೂಡಲೇ ಸಿಗಬೇಕಾದ ತಿನಿಸು ನಾಲ್ಕು ಸೆಕೆಂಡು ತಡವಾದರೆ, ಅಷ್ಟರಲ್ಲಿ ಅದು ಎದ್ದಿರುತ್ತದೆ. ಎದ್ದದ್ದಕ್ಕೇ ಬಹುಮಾನ ಕೊಟ್ಟಂತಾಗುತ್ತದೆ. ಈ ಸಮಯಪ್ರಜ್ಞೆ ಬರಲು ದಿನ ಹಿಡಿಯುತ್ತದೆ. ನುರಿತವರು ಮೊದಲು ಅಡಿಪಾಯ ಹಾಕಿಕೊಡಲಿ, ಒಪ್ಪಿದೆ. ಆದರೆ ಆಮೇಲೆ? ಬೆಂಗಳೂರಿನ ಹೊರವಲಯದ ತರಳುವಿನಲ್ಲಿ ಸಿಆರ್‌ಪಿಎಫ್‌ನ ಶ್ವಾನ ತರಬೇತಿ ಶಾಲೆಯಿದೆ. ಬೆಲ್ಜಿಯನ್ ಮ್ಯಾಲಿನಾಯ್ಸ್‌ನಂಥ ಚುರುಕಾದ ನಾಯಿಗಳನ್ನು ತಯಾರು ಮಾಡುವ ಅಲ್ಲಿಯೂ ನಾಯಿಯ ಜೊತೆಗೇ ಅದನ್ನು ನಡೆಸುವ ಯೋಧನೂ ಪಳಗಬೇಕು. ಸಮವಸ್ತ್ರದವರಿಗೇ ಬೇಕಾದದ್ದು ನಮಗೆ ಬೇಡವೆ?

‘ನಮಗೆ ಟೈಮಿಲ್ಲ’ ಎಂಬುದು ಮನೆಯವರ ಉತ್ತರ. ನಿಜವಿರಬಹುದು. ಎಷ್ಟೋ ಮನೆಗಳಲ್ಲಿ ನಾಯಿಯ ಜೊತೆ ಅತಿ ಹೆಚ್ಚು ಹೊತ್ತು ಕಳೆಯುವವರು ಕೆಲಸಕ್ಕೆ ಬರುವ ಹೆಂಗಸು, ಇಲ್ಲವೇ ಬೆಳಿಗ್ಗೆ ಅಡ್ಡಾಡಿಸಲು ಬರುವ ಹುಡುಗ. ನಾಯಿ ಯಾವ ಸದ್ದಿಗೆ ಕಿವಿ ನಿಮಿರಿಸುತ್ತದೆ, ಯಾವ ಗೇಟಿನ ಮುಂದೆ ಹಟ ಹಿಡಿಯುತ್ತದೆ ಎಂಬುದು ಗೊತ್ತಿರುವುದೂ ಅವರಿಗೇ. ತರಬೇತುದಾರ ಬಂದಾಗ ಮಾತ್ರ ಇವರು ಅಡುಗೆಮನೆಯಲ್ಲೋ ಗೇಟಿನ ಹೊರಗೋ ನಿಂತಿರುತ್ತಾರೆ. ಮಾತುಕತೆಯೆಲ್ಲ ಸೋಫಾದ ಮೇಲೆ ಇಂಗ್ಲಿಷಿನಲ್ಲಿ. ಕಸುಬು ಬಲ್ಲ ತರಬೇತುದಾರ ಮೊದಲು ಅವರನ್ನು ಕರೆಸಿ, ತಿನಿಸಿನ ಚೀಲವನ್ನು ಅವರ ಕೈಗೆ ಕೊಡಬೇಕು. ಕಲಿಯಲು ಅವರು ಕಳೆಯುವ ಆ ಒಂದು ಗಂಟೆಗೆ ಸಂಬಳವನ್ನು ಮನೆಯವರು ಬೇರೆಯಾಗಿ ಕೊಡಬೇಕು.