ಹೂಮಳೆ ತಪ್ಪಿದಾಗ ಅರ್ಥವಾದ ಪಾಠ

‘ಹಸಿರುಮನೆ ಅನಿಲಗಳು ಎಂದರೇನು? ಎರಡು ಉದಾಹರಣೆ ಕೊಡಿ.’ ಪಿಡಿಒ ಪರೀಕ್ಷೆಗೆ ಓದುವಾಗ ಈ ಪ್ರಶ್ನೆಗೆ ಕಣ್ಣುಮುಚ್ಚಿ ಉತ್ತರ ಹೇಳುತ್ತಿದ್ದೆ. ಕಾರ್ಬನ್ ಡೈಆಕ್ಸೈಡ್, ಮೀಥೇನ್. ಅಂಕ ಖಚಿತ, ಮುಂದಿನ ಪುಟ.

2024ರ ಮಾರ್ಚ್. ಬೆಂಗಳೂರಿನ ವಿಜಯನಗರದ ಪಿ.ಜಿ.ಯಲ್ಲಿದ್ದೆ. ದಿನಕ್ಕೆ ಒಂದು ಗಂಟೆ ಮಾತ್ರ ನೀರು. ಬಕೆಟ್ ಹಿಡಿದು ಸಾಲಿನಲ್ಲಿ ನಿಂತಿದ್ದಾಗ ಸಕಲೇಶಪುರದ ಕಡೆಯ ನಮ್ಮೂರಿನಿಂದ ಅಪ್ಪನ ಫೋನ್. ‘ಇನ್ನೂ ಹೂಮಳೆ ಬಂದಿಲ್ಲ ಕಣಮ್ಮ. ಮೊಗ್ಗೆಲ್ಲ ಒಣಗ್ತಾ ಇದೆ.’

ಕಾಫಿ ನಾಡಿನವರಿಗೆ ಈ ಮಾತಿನ ತೂಕ ಗೊತ್ತು. ಫೆಬ್ರುವರಿ, ಮಾರ್ಚ್‌ನಲ್ಲಿ ಒಂದು ಒಳ್ಳೆಯ ಮಳೆ ಬಿದ್ದರೆ ಎಂಟು-ಹತ್ತು ದಿನಕ್ಕೆ ರೊಬಸ್ಟಾ ತೋಟವೆಲ್ಲ ಬೆಳ್ಳಗಾಗುತ್ತದೆ. ಆ ಮಳೆ ತಪ್ಪಿದರೆ ಇಡೀ ವರ್ಷದ ಫಸಲಿಗೇ ಪೆಟ್ಟು. ನನ್ನ ಪಿ.ಜಿ. ಬಾಡಿಗೆ, ಕೋಚಿಂಗ್ ಶುಲ್ಕ ಎಲ್ಲವೂ ಆ ಮೂರು ಎಕರೆಯಿಂದಲೇ ಬರಬೇಕು.

ಅಂದು ರಾತ್ರಿ ಅದೇ ಪಾಠವನ್ನು ಮತ್ತೆ ಓದಿದೆ. ಹಸಿರುಮನೆ ಅನಿಲಗಳು ಶತ್ರುಗಳೇನಲ್ಲ. ಅವು ಇಲ್ಲದಿದ್ದರೆ ಭೂಮಿಯ ಸರಾಸರಿ ಉಷ್ಣಾಂಶ ಈಗಿನ 15 ಡಿಗ್ರಿ ಸೆಲ್ಸಿಯಸ್‌ ಬದಲು ಮೈನಸ್ 18ರಷ್ಟು ಇರುತ್ತಿತ್ತು. ಭೂಮಿ ಹೊರಬಿಡುವ ಶಾಖವನ್ನು ಹಿಡಿದಿಡುವ ಕಂಬಳಿ ಅವು. ಆ ಕಂಬಳಿಯನ್ನು ನಾವು ದಪ್ಪಗೆ ಮಾಡುತ್ತಾ ಹೋದದ್ದೇ ತಪ್ಪು. ಕೈಗಾರಿಕಾ ಕ್ರಾಂತಿಗೆ ಮೊದಲು ಗಾಳಿಯ ಪ್ರತಿ ಹತ್ತು ಲಕ್ಷ ಅಣುಗಳಲ್ಲಿ ಸುಮಾರು 280 ಇದ್ದ ಕಾರ್ಬನ್ ಡೈಆಕ್ಸೈಡ್, ಕಲ್ಲಿದ್ದಲು, ಪೆಟ್ರೋಲ್, ಡೀಸೆಲ್ ಉರಿಸಿ, ಕಾಡು ಕಡಿದು ಈಗ 420 ದಾಟಿದೆ. ಇದು ಹೊಸ ಸುದ್ದಿಯೂ ಅಲ್ಲ. ಈ ಅನಿಲ ಹೆಚ್ಚಿದರೆ ಭೂಮಿ ಎಷ್ಟು ಬಿಸಿಯಾಗಬಹುದು ಎಂದು ಸ್ವೀಡನ್ನಿನ ವಿಜ್ಞಾನಿ ಅರೇನಿಯಸ್ 1896ರಲ್ಲೇ ಲೆಕ್ಕ ಹಾಕಿದ್ದರು.

ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ 7ರಷ್ಟು ಹೆಚ್ಚು ನೀರಾವಿಯನ್ನು ಹಿಡಿದಿಡಬಲ್ಲದು. ಹಾಗಾಗಿ ಮಳೆಯಿಲ್ಲದಾಗ ನೆಲ ಬೇಗ ಒಣಗುತ್ತದೆ, ಮಳೆ ಬಂದಾಗ ಒಮ್ಮೆಲೇ ಸುರಿಯುತ್ತದೆ. 2018ರಲ್ಲಿ ಕೊಡಗಿನ ಗುಡ್ಡಗಳು ಕುಸಿದದ್ದನ್ನು ನೋಡಿದ ನಮ್ಮ ರಾಜ್ಯವೇ 2023ರಲ್ಲಿ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತ ಎಂದು ಘೋಷಿಸಿತು. ಆ ವರ್ಷ ಎಲ್ ನಿನೊ ಪ್ರಭಾವವೂ ಇತ್ತು, ನಿಜ. ಗುಡ್ಡ ಕುಸಿಯಲು ಬೇಕಾಬಿಟ್ಟಿ ನೆಲ ಅಗೆದದ್ದೂ ಕಾರಣವಾಗುತ್ತದೆ. ಪ್ರತಿ ಬರವನ್ನೂ ಪ್ರತಿ ಕುಸಿತವನ್ನೂ ಹವಾಮಾನ ಬದಲಾವಣೆಯ ತಲೆಗೆ ಕಟ್ಟಿ ಕೈತೊಳೆದುಕೊಳ್ಳುವಂತಿಲ್ಲ. ಆದರೆ ಕಾದ ನೆಲದ ಮೇಲೆ ಬರುವ ಬರ ಇನ್ನಷ್ಟು ಸುಡುತ್ತದೆ.

ಆ ಸಲ ನಮ್ಮ ಪಕ್ಕದ ದೊಡ್ಡ ತೋಟದಲ್ಲಿ ಹೂವಿಗೆ ಕೊರತೆಯಾಗಲಿಲ್ಲ. ಅವರಿಗೆ ಕೆರೆಯಿದೆ, ಡೀಸೆಲ್ ಪಂಪ್ ಇದೆ, ಸ್ಪ್ರಿಂಕ್ಲರ್ ಇದೆ. ಅಪ್ಪನಿಗೆ ಇದ್ದದ್ದು ಆಕಾಶ ಮಾತ್ರ. ಜಗತ್ತಿನ ಕಥೆಯೂ ಇದೇ ಅಲ್ಲವೇ? ಭಾರತೀಯನೊಬ್ಬನ ತಲಾ ಇಂಗಾಲ ಹೊರಸೂಸುವಿಕೆ ವಿಶ್ವದ ಸರಾಸರಿಯ ಅರ್ಧಕ್ಕಿಂತ ಕಡಿಮೆ. ಉರಿಸಿದವರು ಒಬ್ಬರು, ಬೇಯುವವರು ಇನ್ನೊಬ್ಬರು. ಶ್ರೀಮಂತ ದೇಶಗಳೇ ಮೊದಲು ಕಡಿಮೆ ಮಾಡಲಿ ಎನ್ನುವುದು ನ್ಯಾಯವೇ. ಆದರೆ ಅವರು ಮಾಡುವವರೆಗೂ ನಾವು ಕೈಕಟ್ಟಿ ಕುಳಿತರೆ ಒಣಗುವುದು ನಮ್ಮ ಮೊಗ್ಗೇ.

ಹಾಗಾದರೆ ನಮ್ಮಂಥ ವಿದ್ಯಾರ್ಥಿಗಳು ಏನು ಮಾಡಬಹುದು? ಜೂನ್ 5ರಂದು ಸಸಿ ನೆಟ್ಟು, ಫೋಟೊ ಸ್ಟೇಟಸ್‌ಗೆ ಹಾಕಿ ಮರೆಯುವುದಂತೂ ಅಲ್ಲ. ನಮ್ಮಲ್ಲಿ ಎಷ್ಟೋ ಜನ ಸರ್ಕಾರಿ ಕೆಲಸಕ್ಕಾಗಿ ಓದುತ್ತಿದ್ದೇವೆ. ನಾಳೆ ಪಿಡಿಒ, ಗ್ರಾಮ ಆಡಳಿತಾಧಿಕಾರಿ, ಎಂಜಿನಿಯರ್ ಆಗುವವರು ನಾವೇ. ಕೆರೆ ಒತ್ತುವರಿಯ ಕಡತ, ಹೂಳೆತ್ತುವ ಕಾಮಗಾರಿ, ಗುಡ್ಡ ಬಗೆಯುವ ರಸ್ತೆಯ ನಕ್ಷೆ, ಶಾಲೆಯ ಚಾವಣಿಗೆ ಸೌರಫಲಕ ಹಾಕುವ ಪ್ರಸ್ತಾವ ನಮ್ಮ ಮೇಜಿಗೇ ಬರುತ್ತವೆ. ಎರಡು ಅಂಕಕ್ಕಾಗಿ ಓದಿ ಮರೆತವರು ಅಂದು ಕಣ್ಣುಮುಚ್ಚಿಯೇ ಸಹಿ ಹಾಕುತ್ತಾರೆ. ಕೆಲಸ ಸಿಗುವವರೆಗೂ ಕಾಯಬೇಕಿಲ್ಲ. ಗ್ರಾಮಸಭೆಯಲ್ಲಿ ನಮ್ಮೂರ ಕೆರೆಯ ಬಗ್ಗೆ ಕೇಳಲು ಯಾವ ನೇಮಕಾತಿ ಪತ್ರವೂ ಬೇಡ.

ಆ ವರ್ಷ ಮಳೆ ಬಂದದ್ದು ತಡವಾಗಿ. ಫಸಲು ಅರ್ಧವೂ ಕೈಗೆ ಸಿಗಲಿಲ್ಲ. ಪಿ.ಜಿ. ಬಿಟ್ಟು ಊರಿಗೆ ಬಂದು ಓದು ಮುಂದುವರಿಸಿದ್ದೇನೆ. ಅಪ್ಪ ಮಳೆ ಬಂದ ದಿನಗಳನ್ನು ಗೋಡೆಯ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಡುತ್ತಾರೆ. ಆ ಹಳೆಯ ಕ್ಯಾಲೆಂಡರ್‌ಗಳನ್ನೆಲ್ಲ ಈಗ ಒಂದು ನೋಟ್‌ಬುಕ್‌ಗೆ ಇಳಿಸುತ್ತಿದ್ದೇನೆ. ಮುಂದಿನ ಗ್ರಾಮಸಭೆಗೆ ಅದನ್ನು ಹಿಡಿದುಕೊಂಡೇ ಹೋಗುತ್ತೇನೆ.