ಥರ್ಮಲ್ ಗನ್ನು ಮತ್ತು ನಮ್ಮಕ್ಕ

ಈ ಕಡೆ ತಲೆ ಹಾಕದೆ ತುಂಬಾ ದಿನ ಆಗಿತ್ತು. ಸೋಮಾರಿತನ ಅಷ್ಟೇ, ಬೇರೆ ಕಾರಣ ಏನಿಲ್ಲ :-) ಮೊನ್ನೆ ಕೇಳಿಸಿಕೊಂಡ ಒಂದು ಮಾತು ತಲೆಯಲ್ಲೇ ಕೊರೀತಾ ಇದೆ. ಅದನ್ನ ಇಲ್ಲಿ ಇಳಿಸಿಬಿಡೋಣ ಅಂತ ಬಂದೆ.

ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನ ಹತ್ರ ಟೀ ಕುಡೀತಾ ನಿಂತಿದ್ದೆ. ಪಕ್ಕದಲ್ಲಿ ಇಬ್ಬರು ಸರ್ಕಾರಿ ನೌಕರರ ಸಂಬಳದ ಬಗ್ಗೆ ಮಾತಾಡ್ತಿದ್ರು. ಮಾತು ಸುತ್ತಿ ಸುತ್ತಿ ಮೇಷ್ಟ್ರುಗಳ ಮೇಲೆ ಬಂತು. "ಕೊರೋನಾದಲ್ಲಿ ಎರಡ್ ವರ್ಷ ಮನೇಲೇ ಕುಂತ್ಕಂಡು ಸಂಬಳ ತಕ್ಕಂಡವ್ರೆ ಕನಾ. ಅವ್ರಷ್ಟು ಸುಖವಾಗಿದ್ದೋರು ಯಾರವ್ರೆ ಹೇಳು?" ಅಂದ ಒಬ್ಬ. ಇನ್ನೊಬ್ಬ ಹೂಂಗುಟ್ಟಿದ. ನಾನು ಏನೋ ಹೇಳಕ್ಕೆ ಬಾಯಿ ತೆರೆದೆ, ಅಷ್ಟರಲ್ಲಿ ಅವರ ಬಸ್ಸು ಬಂತು. ಅವರಿಗೆ ಹೇಳಬೇಕಿದ್ದದ್ದನ್ನ ಈಗ ನೀವು ಕೇಳಬೇಕಾಗಿದೆ, ಕ್ಷಮಿಸಿ.

ನಮ್ಮಕ್ಕ ಪ್ರೈಮರಿ ಸ್ಕೂಲ್ ಟೀಚರು. ಹನೂರು ದಾಟಿ ಮಲೆ ಮಹದೇಶ್ವರ ಬೆಟ್ಟದ ದಾರಿಯಲ್ಲಿ ಒಂದು ಹಳ್ಳಿ. ಆಗ ಇದ್ದದ್ದು ಇಪ್ಪತ್ತಮೂರು ಮಕ್ಕಳು, ಇಬ್ಬರು ಶಿಕ್ಷಕರು. ಶಾಲೆಯ ಮುಂದೆ ಒಂದು ಹೊಂಗೆಮರ, ಹಿಂದೆ ಜೋಳದ ಹೊಲ, ಆಮೇಲೆ ಕಾಡು. ಫೋನಿಗೆ ಸಿಗ್ನಲ್ ಬೇಕಾದ್ರೆ ನೀರಿನ ಟ್ಯಾಂಕಿನ ಪಕ್ಕ ಹೋಗಿ ನಿಲ್ಲಬೇಕು. ಹಳ್ಳಿ ಹೆಸರು ಬೇಡ, ಅಕ್ಕ ಇನ್ನೂ ಸರ್ವೀಸಿನಲ್ಲಿದ್ದಾಳೆ.

2020ರ ಮಾರ್ಚಿನಲ್ಲಿ ಶಾಲೆಗಳು ಮುಚ್ಚಿದವು. ಆಗಿನ ಒಂದು ವಿಷಯ ಈಗ ಯಾರಿಗೂ ನೆನಪಿಲ್ಲ. ಆ ವರ್ಷ ಜೂನ್ ತಿಂಗಳು ಶುರುವಾದಾಗಲೂ ನಮ್ಮ ಚಾಮರಾಜನಗರ ಜಿಲ್ಲೆಯಲ್ಲಿ ಒಂದೇ ಒಂದು ಕೊರೋನಾ ಕೇಸ್ ಇರಲಿಲ್ಲ. ಇಡೀ ರಾಜ್ಯದಲ್ಲಿ ಕೊನೆಯವರೆಗೂ ಹಸಿರಾಗಿ ಉಳಿದಿದ್ದ ಜಿಲ್ಲೆ ನಮ್ಮದು. "ಮಾದಪ್ಪ ಕಾಯ್ತಾವ್ನೆ" ಅಂತಿದ್ರು ಜನ. ಆದ್ರೆ ಬೆಂಗಳೂರಿನಲ್ಲಿ ಅರವತ್ತು ಮಕ್ಕಳು ಒಂದೇ ರೂಮಿನಲ್ಲಿ ಕೂರೋ ಶಾಲೆಗೂ, ಅಕ್ಕನ ಹೊಂಗೆಮರದ ಶಾಲೆಗೂ ಒಂದೇ ಆದೇಶ. ಮುಚ್ಚಿ ಅಂದ್ರೆ ಮುಚ್ಚಬೇಕು. ಆ ಇಪ್ಪತ್ತಮೂರು ಮಕ್ಕಳು ದಿನಾ ಒಟ್ಟಿಗೆ ಕೆರೆ ಏರಿ ಮೇಲೆ ಆಡ್ತಾನೇ ಇದ್ರು. ಒಟ್ಟಿಗೆ ಓದೋ ಹಾಗಿರಲಿಲ್ಲ, ಅಷ್ಟೇ.

ಹಾಗಾದ್ರೆ ಮೇಷ್ಟ್ರುಗಳು ಮನೇಲಿ ಕೂತಿದ್ರಾ? ಹೈಸ್ಕೂಲ್ ಮೇಷ್ಟ್ರಾಗಿರೋ ನನ್ನ ಗೆಳೆಯನೊಬ್ಬ ತಮಿಳುನಾಡು ಗಡಿಯ ಚೆಕ್‌ಪೋಸ್ಟಿನಲ್ಲಿ ರಾತ್ರಿ ಪಾಳಿ ಮಾಡಿದ. ಗಣಿತದ ಮೇಷ್ಟ್ರು ಲಾರಿ ನಂಬರ್ ಬರ್ಕೊಳ್ತಾ ಕೂತಿದ್ದ. ಅಕ್ಕ ಮನೆಮನೆ ಸರ್ವೆ ಮಾಡಿದ್ಲು. ಮಧ್ಯಾಹ್ನದ ಊಟದ ಅಕ್ಕಿ ಬೇಳೆಯನ್ನ ತೂಕ ಹಾಕಿ ಹಂಚಿದ್ಲು. ಜೂನ್ 25ರಿಂದ ಎಸ್ಸೆಸ್ಸೆಲ್ಸಿ ಪರೀಕ್ಷೆ ನಡೀತು, ರಾಜ್ಯದಲ್ಲಿ ಎಂಟು ಲಕ್ಷಕ್ಕೂ ಹೆಚ್ಚು ಮಕ್ಕಳು. ಥರ್ಮಲ್ ಗನ್ನು ಮೊದಲ ಸಲ ಮೇಷ್ಟ್ರುಗಳ ಕೈಗೆ ಬಂದದ್ದು ಆಗಲೇ. ಜ್ವರ ಇರೋ ಮಗು ಸಿಕ್ಕಿದ್ರೆ ಏನು ಮಾಡಬೇಕು ಅಂತ ಕಾಗದದಲ್ಲಿ ಬರೆದಿತ್ತು. ಆ ಮಗುವಿನ ಎದುರು ನಿಂತಾಗ ಏನನ್ಸುತ್ತೆ ಅನ್ನೋದು ಬರೆದಿರಲಿಲ್ಲ.

ಆಗಸ್ಟಿನಲ್ಲಿ ವಿದ್ಯಾಗಮ ಬಂತು. ಮಕ್ಕಳು ಶಾಲೆಗೆ ಬರೋ ಹಾಗಿಲ್ಲ, ಮೇಷ್ಟ್ರೇ ಮಕ್ಕಳ ಹತ್ರ ಹೋಗಬೇಕು. ಸ್ಮಾರ್ಟ್‌ಫೋನ್ ಇರೋ ಮಕ್ಕಳು, ಬರೀ ಮಾಮೂಲಿ ಫೋನ್ ಇರೋ ಮಕ್ಕಳು, ಎರಡೂ ಇಲ್ಲದ ಮಕ್ಕಳು ಅಂತ ಮೂರು ಗುಂಪು ಮಾಡಿ, ದೇವಸ್ಥಾನದ ಜಗುಲಿ, ಸಮುದಾಯ ಭವನ, ಮರದ ನೆರಳು, ಎಲ್ಲಿ ಜಾಗ ಸಿಕ್ಕರೆ ಅಲ್ಲಿ ಪಾಠ. ಯೋಚನೆ ಚೆನ್ನಾಗಿತ್ತು ಅಂತ ನಾನು ಈಗಲೂ ಹೇಳ್ತೀನಿ. ಆನ್‌ಲೈನ್ ಕ್ಲಾಸ್ ಅಂತ ಕನಸು ಕಾಣ್ತಾ ಕೂರೋದಕ್ಕಿಂತ ಸಾವಿರ ಪಾಲು ವಾಸಿ.

ಆದ್ರೆ ಅಕ್ಕನಿಗೆ ಮೊದಲ ದಿನವೇ ಒಂದು ಪ್ರಶ್ನೆ ಎದುರಾಯ್ತು. ಯಾವ ಜಗುಲಿ?

ಊರಲ್ಲಿ ಎರಡು ಬೀದಿ. ದೇವಸ್ಥಾನ ಇರೋದು ಮೇಲಿನ ಬೀದಿಯಲ್ಲಿ. ಅಕ್ಕ ಅಲ್ಲೇ ಜಮಖಾನ ಹಾಸಿದ್ಲು. ಕೆಳಗಿನ ಬೀದಿಯಿಂದ ಒಂದು ಮಗುವೂ ಬರಲಿಲ್ಲ. ಬರಬೇಡಿ ಅಂತ ಯಾರೂ ಹೇಳಿರಲಿಲ್ಲ, ನಮ್ಮ ಕಡೆ ಅದನ್ನ ಹೇಳಬೇಕಾಗೂ ಇಲ್ಲ. ಎರಡನೇ ದಿನ ಬೆಳಿಗ್ಗೆ ಜಗುಲಿಯಲ್ಲಿ ಒಂದು ಪಾಠ, ಮಧ್ಯಾಹ್ನ ಕೆಳಗಿನ ಬೀದಿಯ ಭವನದ ಹತ್ರ ಅದೇ ಪಾಠ ಇನ್ನೊಂದು ಸಲ. ನಾಲ್ಕು ದಿನ ಹೀಗೇ ಮಾಡಿದ ಮೇಲೆ ರಾತ್ರಿ ನಂಗೆ ಫೋನ್ ಮಾಡಿದ್ಲು. "ಅಲ್ವೋ, ಶಾಲೇಲಿ ಒಂದೇ ಜಮಖಾನದ ಮೇಲೆ ಕೂರೋ ಮಕ್ಕಳನ್ನ ನಾನೇ ಬೇರೆ ಬೇರೆ ಕೂರಿಸ್ದಂಗಾಯ್ತಲ್ಲೋ..." ಅಂದ್ಲು. ನಂಗೆ ಉತ್ತರ ಗೊತ್ತಿರಲಿಲ್ಲ. ಐದನೇ ದಿನ ಎಲ್ಲರನ್ನೂ ಶಾಲೆ ಮುಂದಿನ ಹೊಂಗೆಮರದ ಕೆಳಗೆ ಕರೆದ್ಲು. ಶಾಲೆ ಆವರಣ ಬಳಸಿದ್ದು ಯಾಕೆ ಅಂತ ಮೇಲಿನವರು ಕೇಳಿದ್ರೆ "ಮರ ಕಾಂಪೌಂಡಿನ ಆಚೆ ಇದೆ" ಅಂತ ಹೇಳೋಣ ಅಂತ ಲೆಕ್ಕ ಹಾಕಿದ್ಲು. (ಆ ಶಾಲೆಗೆ ಕಾಂಪೌಂಡೇ ಇಲ್ಲ!)

ಶಾಲೆಯ ಕಟ್ಟಡ ಅಂದ್ರೆ ಬರೀ ಗೋಡೆ, ಹೆಂಚು ಅಂತ ನಾನು ಅಂದ್ಕೊಂಡಿದ್ದೆ. ಯಾರ ಬೀದಿಯೂ ಅಲ್ಲದ ಒಂದು ಜಾಗ ಊರಿಗೆ ಎಷ್ಟು ಬೇಕು ಅಂತ ನಂಗೆ ಗೊತ್ತಾಗಿದ್ದು ಆ ಫೋನಿನಿಂದ.

ಅಕ್ಟೋಬರ್ ಹೊತ್ತಿಗೆ ರಾಜ್ಯದ ಹಲವು ಕಡೆ ಶಿಕ್ಷಕರಿಗೆ ಸೋಂಕು, ಸಾವು ಅಂತ ಸುದ್ದಿ ಬರತೊಡಗಿತು. ಟಿವಿಗಳಲ್ಲಿ ಕೂಗಾಟ. ವಿದ್ಯಾಗಮ ನಿಂತಿತು. ಅಕ್ಟೋಬರ್ 12ರಿಂದ 30ರವರೆಗೆ ರಜೆ ಅಂತ ಮುಖ್ಯಮಂತ್ರಿ ಯಡಿಯೂರಪ್ಪನವರು ಪ್ರಕಟಿಸಿದರು. ಹಳ್ಳಿಯಲ್ಲಿ ಜನ ಕೇಳಿದ್ದು ಒಂದೇ ಪ್ರಶ್ನೆ, "ಈ ಮಿಸ್ಸೇ ರೋಗ ತಂದ್ಬುಟ್ರೆ ಏನ್ ಮಾಡದು?" ನಿನ್ನೆಯವರೆಗೆ "ಮಿಸ್ಸು ಬಂದ್ರು" ಅಂತ ಓಡಿ ಬರ್ತಿದ್ದ ಮನೆಯವರೇ ಇವರು. ಅವರ ತಪ್ಪೂ ಅಲ್ಲ ಬಿಡಿ. ದಿನಾ ಕೊಳ್ಳೇಗಾಲದಿಂದ ಬಸ್ಸಲ್ಲಿ ಬಂದು ಹೋಗೋಳು ಅವಳೊಬ್ಬಳೇ.

ಆಮೇಲಿನದ್ದನ್ನ ಬೇಗ ಹೇಳ್ತೀನಿ. ಡಿಸೆಂಬರ್ 22 ಮತ್ತು 27ಕ್ಕೆ ಎರಡು ಹಂತದಲ್ಲಿ ಗ್ರಾಮ ಪಂಚಾಯ್ತಿ ಚುನಾವಣೆ. ಮತಗಟ್ಟೆಯಲ್ಲಿ ಕೂತವರಲ್ಲಿ ಮೇಷ್ಟ್ರುಗಳೇ ಎಷ್ಟು ಜನ! ಅದಾಗಿ ನಾಲ್ಕೈದು ದಿನಕ್ಕೆ, 2021ರ ಜನವರಿ 1ಕ್ಕೆ ಎಸ್ಸೆಸ್ಸೆಲ್ಸಿ ಮತ್ತು ದ್ವಿತೀಯ ಪಿಯುಸಿ ತರಗತಿ ಶುರು. ಶಿಕ್ಷಕರು ಕೊರೋನಾ ಟೆಸ್ಟ್ ಮಾಡಿಸಿ ನೆಗೆಟಿವ್ ರಿಪೋರ್ಟ್ ತರಬೇಕು ಅಂತ ನಿಯಮ. ಊರೆಲ್ಲ ಸೇರಿ ವೋಟು ಹಾಕುವಾಗ ಎದುರು ಕೂತಿದ್ದವರು, ಆ ಕೂಡಲೇ ಹೋಗಿ ತಮಗೆ ರೋಗ ಇಲ್ಲ ಅಂತ ಸಾಬೀತು ಮಾಡಬೇಕಾಯ್ತು. ಆಗ ಶಿಕ್ಷಣ ಸಚಿವರಾಗಿದ್ದ ಸುರೇಶ್ ಕುಮಾರ್ ಅವರೇ ನಮ್ಮ ಜಿಲ್ಲೆಯ ಉಸ್ತುವಾರಿ ಸಚಿವರೂ ಆಗಿದ್ದರು. ಅದಕ್ಕೂ ಮುಂಚೆ, 2018ರಲ್ಲಿ ಕೆಲವು ತಿಂಗಳು, ನಮ್ಮ ಕೊಳ್ಳೇಗಾಲದ ಶಾಸಕ ಎನ್. ಮಹೇಶ್ ಅವರೇ ಶಿಕ್ಷಣ ಸಚಿವರಾಗಿದ್ದವರು. ಶಿಕ್ಷಣ ಖಾತೆಗೂ ನಮ್ಮ ಕಡೆಗೂ ಇಷ್ಟು ನಂಟಿದ್ರೂ ಬೆಟ್ಟದ ಹಾದಿಯ ಸಣ್ಣ ಶಾಲೆಗೆ ಬೇರೆ ಲೆಕ್ಕ ಬೇಕು ಅಂತ ಯಾರಿಗೂ ಹೊಳೀಲಿಲ್ಲ ನೋಡಿ.

ಏಪ್ರಿಲಿನಲ್ಲಿ ಎರಡನೇ ಅಲೆ, ಮತ್ತೆ ಬೀಗ. ಮೇ 2ರ ರಾತ್ರಿಯಿಂದ 3ರ ಬೆಳಗಿನ ತನಕ ಚಾಮರಾಜನಗರ ಜಿಲ್ಲಾಸ್ಪತ್ರೆಯಲ್ಲಿ ನಡೆದದ್ದನ್ನ ನಾನು ವಿವರಿಸಬೇಕಿಲ್ಲ. ಮೊದಲ ದಿನ ಸರ್ಕಾರ ಹೇಳಿದ ಲೆಕ್ಕ 24 ಸಾವು. ಬೇರೆ ಜಿಲ್ಲೆಯವರಿಗೆ ಅದು ಟಿವಿಯ ಸುದ್ದಿ. ಇಲ್ಲಿ ಕೊಳ್ಳೇಗಾಲದಲ್ಲಿ, ಹನೂರಿನಲ್ಲಿ, ಯಳಂದೂರಿನಲ್ಲಿ "ನಮ್ಮೋರು ಯಾರಾದ್ರೂ ಅಲ್ಲಿದ್ರಾ" ಅಂತ ಫೋನ್ ಮೇಲೆ ಫೋನ್ ಮಾಡಿದ ಬೆಳಗು ಅದು.

ಆ ಭಯ ಇನ್ನೂ ಆರಿರಲಿಲ್ಲ, ಆಗಸ್ಟ್ 23ಕ್ಕೆ ಒಂಬತ್ತರಿಂದ ಹನ್ನೆರಡನೇ ಕ್ಲಾಸು ಮತ್ತೆ ತೆರೀತು. ಅದೇ ತಿಂಗಳಲ್ಲೇ ಗಡಿ ಜಿಲ್ಲೆ ಅಂತ ನಮಗೆ ಶನಿವಾರ ಭಾನುವಾರ ಕರ್ಫ್ಯೂ ಹೇರಿದ್ದರು. ಸೆಪ್ಟೆಂಬರ್ 6ಕ್ಕೆ ಆರರಿಂದ ಎಂಟು. ಕೊನೆಗೆ ಅಕ್ಟೋಬರ್ 25ಕ್ಕೆ ಒಂದರಿಂದ ಐದು. ಅಂದ್ರೆ ಅಕ್ಕನ ಶಾಲೆ ಹತ್ತೊಂಬತ್ತು ತಿಂಗಳ ಮೇಲೆ ತೆರೀತು.

ಪೋಷಕರ ಒಪ್ಪಿಗೆ ಪತ್ರ ಬೇಕಿತ್ತು. ಬರೆಯೋಕೆ ಬಾರದ ಅಪ್ಪ ಅಮ್ಮಂದಿರು, ಕೆಲವರು ಕೂಲಿಗೆ ಅಂತ ಕೊಡಗಿನ ಎಸ್ಟೇಟಿಗೋ ತಿರುಪುರಕ್ಕೋ ಹೋದವರು, ಮಕ್ಕಳು ಅಜ್ಜಿ ಹತ್ರ. ಎಲ್ಲರ ಪತ್ರವನ್ನೂ ಅಕ್ಕನೇ ಬರೆದ್ಲು. ಅವರು ಹೆಬ್ಬೆಟ್ಟು ಒತ್ತಿದ್ರು. ಒಬ್ಬ ಅಜ್ಜಿ ಒತ್ತೋ ಮುಂಚೆ ಕೇಳಿದಳಂತೆ, "ನನ್ ಮೊಗಿಗೆ ಏನೂ ಆಗಲ್ಲ ಅಂತ ನೀನು ಹೇಳವ್ವ, ನಾನು ಒತ್ತೀನಿ." ಆ ಕಾಗದದ ಮೇಲೆ ಇದ್ದದ್ದು ಅಜ್ಜಿಯ ಹೆಬ್ಬೆಟ್ಟು. ಊರಿನ ಲೆಕ್ಕದಲ್ಲಿ ಮಾತು ಕೊಟ್ಟವಳು ನಮ್ಮಕ್ಕ. ಬಾಗಿಲು ತೆರೀರಿ ಅಂದ ಸರ್ಕಾರ ಆ ಜಗುಲಿ ಮೇಲೆ ಎಲ್ಲೂ ಇರಲಿಲ್ಲ. ಅವತ್ತು ರಾತ್ರಿ ಅವಳಿಗೆ ನಿದ್ದೆ ಬರಲಿಲ್ಲ. ಮನೇಲಿ ನಮ್ಮಮ್ಮ ಇದ್ರು, ಸಕ್ಕರೆ ಕಾಯಿಲೆ ಬೇರೆ. ಅಕ್ಕ ಸಂಜೆ ಬಂದು ಹಿತ್ತಲಲ್ಲೇ ಸ್ನಾನ ಮಾಡಿ ಒಳಗೆ ಬರ್ತಿದ್ಲು, ನವೆಂಬರ್ ಚಳಿಯಲ್ಲೂ.

ಇನ್ನು ಪಾಠ. ಎರಡನೇ ಕ್ಲಾಸಿನ ಮಕ್ಕಳು ಒಂದನೇ ಕ್ಲಾಸನ್ನ ನೋಡೇ ಇರಲಿಲ್ಲ. ನಲಿ-ಕಲಿ ಅನ್ನೋದು ನಮ್ಮ ಪಕ್ಕದ ಹೆಚ್.ಡಿ. ಕೋಟೆಯಲ್ಲಿ 1995ರಲ್ಲಿ ಹುಟ್ಟಿದ ಪದ್ಧತಿ. ಅದರಲ್ಲಿ ಮಕ್ಕಳು ಗುಂಪಾಗಿ ಸುತ್ತ ಕೂತು, ಕಾರ್ಡುಗಳನ್ನ ಹಂಚ್ಕೊಂಡು, ಒಬ್ಬರಿಂದ ಒಬ್ಬರು ಕಲೀಬೇಕು. ಈಗ ದೂರ ದೂರ ಕೂರಿಸಿ, ಮುಟ್ಟಿಸಬೇಡಿ ಅಂದ್ರೆ ನಲಿಯೋದು ಎಲ್ಲಿ, ಕಲಿಯೋದು ಎಲ್ಲಿ? ಅದರ ಮೇಲೆ ಮಾಸ್ಕು. ಪ, ಬ, ಮ ಕಲಿಸೋವಾಗ ಮಗು ನೋಡೋದು ಟೀಚರ ತುಟಿಯನ್ನ. ತುಟಿಯೇ ಕಾಣದಿದ್ರೆ? ಒಬ್ಬ ಹುಡುಗ ವಾರಗಟ್ಟಲೆ 'ಬಸವ'ನನ್ನ 'ಮಸವ' ಅಂತಿದ್ದನಂತೆ. (ನಮ್ಮ ಕಡೆ ಹಕಾರದ ಕಥೆ ಮೊದಲೇ ಗೊತ್ತಲ್ಲ, ಅದಕ್ಕೆ ಕೊರೋನಾ ಕಾರಣ ಅಲ್ಲ!) ಕೊನೆಗೆ ಅಕ್ಕ ಬಾಗಿಲ ಆಚೆ ನಿಂತು, ಮಾಸ್ಕ್ ಇಳಿಸಿ, ಕಿಟಕಿಯಿಂದ ತುಟಿ ತೋರಿಸಿ ಅಕ್ಷರ ಹೇಳಿಕೊಟ್ಟಳು. ಅಷ್ಟರಲ್ಲಿ ಯಾರಾದ್ರೂ ಇನ್ಸ್‌ಪೆಕ್ಷನ್ನಿಗೆ ಬಂದ್ರೆ ನೋಟೀಸು ಗ್ಯಾರಂಟಿ.

ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದವರು 2021ರ ಜನವರಿಯಲ್ಲಿ ಕರ್ನಾಟಕವೂ ಸೇರಿ ಐದು ರಾಜ್ಯಗಳ ಹದಿನಾರು ಸಾವಿರ ಮಕ್ಕಳನ್ನ ನೋಡಿ ಒಂದು ವರದಿ ಮಾಡಿದ್ರು. 92% ಮಕ್ಕಳು ಹಿಂದಿನ ವರ್ಷ ಬರ್ತಿದ್ದ ಭಾಷೆಯ ಒಂದಾದರೂ ಸಾಮರ್ಥ್ಯ ಕಳ್ಕೊಂಡಿದ್ರು, ಗಣಿತದಲ್ಲಿ 82%. ಇದು ಶಾಲೆಗಳು ಇನ್ನೂ ಹತ್ತು ತಿಂಗಳು ಮುಚ್ಚಿರೋ ಮುಂಚಿನ ಲೆಕ್ಕ. ಆಮೇಲೆ 2022-23ನ್ನ ಕಲಿಕಾ ಚೇತರಿಕೆ ವರ್ಷ ಅಂದ್ರು, ಮೇ 16ಕ್ಕೇ ಶಾಲೆ ಶುರು ಮಾಡಿದ್ರು. 'ಮಳೆಬಿಲ್ಲು' ಅಂತ ಮೊದಲ ಎರಡು ವಾರ ಆಟ, ಹಾಡು. ಅಕ್ಕನಿಗೆ ಅದು ನಿಜಕ್ಕೂ ಇಷ್ಟವಾಗಿತ್ತು. ಆದ್ರೆ ಒಂದೊಂದು ಚಟುವಟಿಕೆಗೂ ಫೋಟೋ, ಒಂದೊಂದು ಮಗುವಿಗೂ ದಾಖಲೆ, ಎಲ್ಲಾ ಫೋನಿನಲ್ಲಿ ಕಳಿಸಬೇಕು. ಸಿಗ್ನಲ್ ಎಲ್ಲಿ ಸಿಗುತ್ತೆ ಅಂತ ಮೇಲೆ ಹೇಳಿದ್ದೀನಲ್ಲ. ಸಂಜೆ ನೀರಿನ ಟ್ಯಾಂಕಿನ ಪಕ್ಕ ಫೋನ್ ಎತ್ತಿ ಹಿಡ್ಕೊಂಡು ನಿಂತ ಟೀಚರನ್ನ ನೋಡಿ ಊರವರು ನಗ್ತಿದ್ರಂತೆ.

ಖಾಸಗಿ ಶಾಲೆಯ ಮೇಷ್ಟ್ರುಗಳದ್ದು ಇನ್ನೊಂದು ಕಥೆ. ಅವರಿಗೆ 'ಕೂತು ತಿನ್ನೋಕೆ' ಸಂಬಳವೂ ಇರಲಿಲ್ಲ. ನಮ್ಮ ಬೀದಿಯ ಒಬ್ಬ ಹುಡುಗ, ಬಿ.ಎಡ್. ಮಾಡಿದವನು, ತಳ್ಳುಗಾಡಿಯಲ್ಲಿ ತರಕಾರಿ ಮಾರಿದ. 2021ರ ಜೂನಿನಲ್ಲಿ ಅನುದಾನರಹಿತ ಶಾಲೆಗಳ ಶಿಕ್ಷಕರಿಗೆ ಐದು ಸಾವಿರ ರೂಪಾಯಿ ನೆರವು ಅಂತ ಸರ್ಕಾರ ಘೋಷಿಸಿತು, ಒಂದೇ ಸಲಕ್ಕೆ. ಶಾಲೆ ತೆರೆದಾಗ ಅವನನ್ನ ವಾಪಸ್ ಕರೆದ್ರು, ಅರ್ಧ ಸಂಬಳಕ್ಕೆ. ಅವನಿಗೆ ಸೋಂಕಿನ ಭಯ ಇತ್ತಾ ಅಂತ ಕೇಳಿದ್ದೆ. "ಅಣ್ಣ, ಭಯ ಪಡೋಕೂ ಕೈಯಲ್ಲಿ ಕಾಸಿರಬೇಕು" ಅಂದ.

ಕೆಲಸ ತಪ್ಪಿಸಿಕೊಂಡ ಮೇಷ್ಟ್ರುಗಳು ಇರಲಿಲ್ಲ ಅಂತ ನಾನು ಹೇಳಲ್ಲ. ಇದ್ರು. ರಿಯಲ್ ಎಸ್ಟೇಟ್ ಮಾಡ್ಕೊಂಡು, ವಾಟ್ಸಾಪಿನಲ್ಲಿ ಒಂದು ವಿಡಿಯೋ ಫಾರ್ವರ್ಡ್ ಮಾಡಿ 'ಪಾಠ ಆಯ್ತು' ಅಂದವರು ನಂಗೇ ಗೊತ್ತು. ಟೀ ಅಂಗಡಿಯವರ ಸಿಟ್ಟು ಬಂದದ್ದು ಅಂಥವರನ್ನ ನೋಡಿಯೇ ಇರಬಹುದು.

ನನ್ನ ತಕರಾರು ಬೇರೆ. ಶಾಲೆ ತೆರೆಯೋದು ಬೇಗ ಆಯ್ತು ಅಂತ ಕೆಲವರು, ತಡ ಆಯ್ತು ಅಂತ ಕೆಲವರು ಜಗಳ ಆಡಿದ್ರು. ನನಗೆ ಅನ್ನಿಸೋದು ಎರಡೂ ನಿಜ. ಪೇಟೆಯ ಕಿಕ್ಕಿರಿದ ಶಾಲೆಗೆ ಬೇಗ ಆಗಿರಬಹುದು. ಅಕ್ಕನ ಶಾಲೆಗೆ ಒಂದು ವರ್ಷಕ್ಕಿಂತ ಹೆಚ್ಚು ತಡ ಆಯ್ತು. ಯಾವುದಕ್ಕೆ ಯಾವುದು ಅಂತ ಹೇಳಬಲ್ಲವರು ಆ ಊರಿನ ಮೇಷ್ಟ್ರು, ಎಸ್‌ಡಿಎಂಸಿಯ ನಾಲ್ಕು ಜನ, ಆಶಾ ಕಾರ್ಯಕರ್ತೆ. ಅವರನ್ನ ಕೂರಿಸಿ ಕೇಳಿದ್ರೆ ಅರ್ಧ ಗಂಟೆ ಸಾಕಿತ್ತು. ನಮ್ಮ ಮನೆಯವಳನ್ನಂತೂ ಒಂದು ಸಲವೂ ಯಾರೂ ಕೇಳಲಿಲ್ಲ. ಮುಚ್ಚುವಾಗ ಆದೇಶ ವಾಟ್ಸಾಪಿನಲ್ಲಿ ಬಂತು, ತೆರೆಯುವಾಗಲೂ ವಾಟ್ಸಾಪಿನಲ್ಲೇ. ನಡುವೆ ಬಂದ ಬೈಗುಳ ಮಾತ್ರ ಎದುರಿಗೇ ಬಂತು. ನಿರ್ಧಾರದಲ್ಲಿ ಒಂದು ಮಾತೂ ಇಲ್ಲದವರ ತಲೆಗೆ ಪೂರ್ತಿ ಹೊಣೆ ಕಟ್ಟಿದ್ದೇ ಅವರ ಮೇಲಿದ್ದ ದೊಡ್ಡ ಒತ್ತಡ. ರೋಗದ ಭಯ ಅದರ ನಂತರದ್ದು ಅಂತ ಅಕ್ಕನೇ ಹೇಳ್ತಾಳೆ.

ಹೋದ ವಾರ ಅವಳ ಶಾಲೆಗೆ ಹೋಗಿದ್ದೆ. ಬೀರುವಿನಲ್ಲಿ ಆ ಥರ್ಮಲ್ ಗನ್ನು ಇನ್ನೂ ಇದೆ. ಬ್ಯಾಟರಿ ಸೋರಿ ತುಕ್ಕು ಹಿಡಿದಿದೆ. ಬಿಸಾಕಬಾರದಾ ಅಂದೆ. "ಸ್ಟಾಕ್ ರಿಜಿಸ್ಟರಿನಲ್ಲಿ ನನ್ನ ಸಹಿ ಇದೆ ಕಣೋ" ಅಂದ್ಲು, ಬೀರು ಮುಚ್ಚಿ ಮಕ್ಕಳ ಊಟ ಬಡಿಸಕ್ಕೆ ಹೋದ್ಲು.

ನಿಮ್ಮ ಮನೇಲೂ ಮೇಷ್ಟ್ರುಗಳು ಇದ್ರೆ ಅವರ ಆ ಎರಡು ವರ್ಷ ಹೇಗಿತ್ತು? ಅದರಲ್ಲೂ ಯಾವ ಜಗುಲಿ ಅನ್ನೋ ಪ್ರಶ್ನೆ ನಿಮ್ಮ ಊರಲ್ಲೂ ಬಂದಿತ್ತಾ? ಪುರುಸೊತ್ತಾದಾಗ ಬರೀರಿ.