ಮನಸ್ಸಿದ್ದರೆ ಮಾರ್ಗವಂತೆ!

ಕಳೆದ ಜನವರಿಯಲ್ಲಿ ನಮ್ಮ ಬಡಾವಣೆಯ ಸಂಘದವರು ನನಗೊಂದು ಸನ್ಮಾನ ಮಾಡಿದರು. ನಾನು ಏನನ್ನೂ ಗೆದ್ದವನಲ್ಲ. ಹತ್ತು ಕಿಲೋಮೀಟರ್ ಓಟವೊಂದರಲ್ಲಿ ನೂರಾರು ಜನರ ನಡುವೆ ಎಲ್ಲೋ ಮಧ್ಯದಲ್ಲಿ ಏದುಸಿರು ಬಿಡುತ್ತ ಗುರಿ ಮುಟ್ಟಿದವನು. ಆದರೂ ಶಾಲು ಬಂತು, ಹಾರ ಬಂತು, ಹಣ್ಣಿನ ಬುಟ್ಟಿ ಬಂತು. ಕಾರಣ ಇಷ್ಟೇ: ಮನೆಯಲ್ಲಿ ಎರಡು ವರ್ಷದ ಕೂಸಿದ್ದೂ ನಾನು ಬೆಳಗಿನ ಓಟ ಬಿಟ್ಟಿಲ್ಲವಂತೆ. ಮುಖ್ಯ ಅತಿಥಿಗಳು ಮೈಕಿನ ಮುಂದೆ ನಿಂತು ಹದಿನೈದು ನಿಮಿಷ ನನ್ನನ್ನು ಹೊಗಳಿ, ಕೊನೆಗೆ ಎಲ್ಲರಿಗೂ ಗೊತ್ತಿರುವ ಗಾದೆಯನ್ನು ಹೇಳಿ ಮುಗಿಸಿದರು: ಮನಸ್ಸಿದ್ದರೆ ಮಾರ್ಗ. ಸಭೆ ಚಪ್ಪಾಳೆ ತಟ್ಟಿತು. ನನ್ನ ಹೆಂಡತಿ ಹಿಂದಿನ ಸಾಲಿನಾಚೆ, ಗೋಡೆಯ ಪಕ್ಕ ನಿಂತಿದ್ದಳು. ಸೊಂಟದ ಮೇಲೆ ಕೂಸು ಇದ್ದುದರಿಂದ ಅವಳಿಗೆ ಚಪ್ಪಾಳೆ ತಟ್ಟಲು ಆಗಲಿಲ್ಲ.

ಅಂದಿನಿಂದ ಆ ಗಾದೆಯ ಮೇಲೆ ನನಗೆ ಸಿಟ್ಟು. ಗಾದೆ ವೇದಕ್ಕೆ ಸಮಾನ ಎನ್ನುವವರು ಕ್ಷಮಿಸಬೇಕು. ಈ ಗಾದೆ ಸುಳ್ಳಲ್ಲ, ಅರ್ಧ ಸತ್ಯ. ಅರ್ಧ ಸತ್ಯಕ್ಕಿಂತ ಸುಳ್ಳೇ ವಾಸಿ. ಸುಳ್ಳನ್ನು ಒಂದಲ್ಲ ಒಂದು ದಿನ ಹಿಡಿಯಬಹುದು.

ಸಣ್ಣ ಮಕ್ಕಳಿರುವ ತಂದೆತಾಯಿಗಳಿಗೆ ಓಡುವ ಹುಮ್ಮಸ್ಸು ಉಳಿಸಿಕೊಳ್ಳುವುದು ಹೇಗೆ ಎಂಬ ಉಪದೇಶ ಈಗ ಎಲ್ಲೆಲ್ಲೂ ಸಿಗುತ್ತದೆ. ರಾತ್ರಿಯೇ ಬೂಟುಗಳನ್ನು ಮಂಚದ ಪಕ್ಕ ಇಟ್ಟುಕೊಳ್ಳಿ. ಒಂದು ಗುರಿ ಹಾಕಿಕೊಳ್ಳಿ. ಓಡಿದ್ದನ್ನೆಲ್ಲ ಮೊಬೈಲಿನಲ್ಲಿ ದಾಖಲಿಸಿ. ಕನ್ನಡಿಯ ಮೇಲೆ ಸ್ಫೂರ್ತಿಯ ಮಾತೊಂದನ್ನು ಅಂಟಿಸಿ. ನಾನೂ ಇದನ್ನೆಲ್ಲ ಮಾಡಿ ನೋಡಿದವನೇ. ಬೂಟು ಮಂಚದ ಪಕ್ಕದಲ್ಲೇ ಇತ್ತು, ಮನಸ್ಸೂ ಇತ್ತು. ಇಲ್ಲದೇ ಇದ್ದದ್ದು ಕೂಸಿನ ತಲೆಯ ಕೆಳಗಿದ್ದ ನನ್ನ ಬಲಗೈ. ಆ ಕೈಯನ್ನು ಬೆಳಗಿನ ಐದಕ್ಕೆ ಕೂಸು ಏಳದ ಹಾಗೆ ಎಳೆದುಕೊಳ್ಳುವುದಿದೆಯಲ್ಲ, ಅದರ ಮುಂದೆ ಹತ್ತು ಕಿಲೋಮೀಟರ್ ಏನೂ ಅಲ್ಲ. ಬೆರಳು, ಮುಂಗೈ, ಮೊಳಕೈ ಎಂದು ಅಂಗುಲ ಅಂಗುಲವಾಗಿ ಬಿಡಿಸಿಕೊಂಡು, ತುದಿಗಾಲಲ್ಲಿ ಬಾಗಿಲ ತನಕ ಹೋಗಿ, ಅಗುಳಿ ತೆಗೆದ ಸದ್ದಿಗೆ ಕೂಸು ಎದ್ದು ಅಳುವುದು, ಆಗ ಹೆಂಡತಿ ಎದ್ದು, ‘ನೀವು ಹೋಗ್ರಿ, ನಾ ನೋಡ್ಕೋತೀನಿ’ ಎನ್ನುವುದು, ನಾನು ಹೋಗಿಬಿಡುವುದು. ಇದಕ್ಕೆ ನಾನು ಇಟ್ಟಿದ್ದ ಹೆಸರು ಶಿಸ್ತು.

ಧಾರವಾಡದ ಬೆಳಗು ಗೊತ್ತಿದ್ದವರಿಗೆ ನನ್ನ ಆಸೆಯೂ ಅರ್ಥವಾದೀತು. ಜಿಟಿಜಿಟಿ ಮಳೆ ನಿಂತ ಮೇಲೆ ಸಾಧನಕೇರಿಯ ಕಡೆಯಿಂದ ಕೆಲಗೇರಿ ಕೆರೆಯ ಕಡೆಗೆ ಓಡಿದರೆ ಕೆಂಪು ಮಣ್ಣಿನ ವಾಸನೆ ಎದೆ ತುಂಬುತ್ತದೆ. ಬ್ಯಾಂಕಿನ ಕೌಂಟರಿನ ಹಿಂದೆ ದಿನವಿಡೀ ಕೂರುವ ಮನುಷ್ಯನಿಗೆ ಅದೊಂದು ತಾಸು ಮಾತ್ರ ಸ್ವಂತದ್ದು. ಆ ತಾಸು ನನಗೆ ಬೇಕಾಗಿತ್ತು. ಅದು ಯಾರ ಗಂಟಿನಿಂದ ಬಂದದ್ದು ಎಂಬುದನ್ನು ಮಾತ್ರ ನಾನು ಕೇಳಿರಲಿಲ್ಲ.

ಅದನ್ನು ತೋರಿಸಿದ್ದು ಅಡಿಗೆಮನೆಯ ಗೋಡೆಯ ಕ್ಯಾಲೆಂಡರು. ನನ್ನ ಓಟದ ಲೆಕ್ಕಕ್ಕೆ ಒಂದು ಡೈರಿ ಇತ್ತು: ಇಂತಿಂಥ ದಿನ ಇಷ್ಟು ಕಿಲೋಮೀಟರ್, ಇಷ್ಟು ನಿಮಿಷ. ಹೆಂಡತಿಯ ಲೆಕ್ಕ ಕ್ಯಾಲೆಂಡರಿನಲ್ಲಿ: ಹಾಲು ಎಷ್ಟು, ಕೂಸಿಗೆ ಜ್ವರ ಯಾವತ್ತು, ಚುಚ್ಚುಮದ್ದು ಯಾವತ್ತು, ರಾತ್ರಿ ಎಷ್ಟು ಸಲ ಎದ್ದಿತು. ಸನ್ಮಾನವಾದ ರಾತ್ರಿ ಅವಳು ಹಳೆಯ ವರ್ಷದ ಕ್ಯಾಲೆಂಡರನ್ನು ತೆಗೆದು ನನ್ನ ಡೈರಿಯ ಪಕ್ಕ ಇಟ್ಟಳು. ಜಗಳ ಆಡಲಿಲ್ಲ. ನೋಡ್ರಿ ಎಂದಳು, ಅಷ್ಟೆ. ಕೂಸು ರಾತ್ರಿ ನಾಲ್ಕು ಸಲ ಎದ್ದ ದಿನಗಳಲ್ಲೂ ನನ್ನ ಡೈರಿಯಲ್ಲಿ ಎಂಟು, ಹತ್ತು ಕಿಲೋಮೀಟರ್ ನಮೂದಾಗಿದ್ದವು. ಆ ವರ್ಷ ನಾನು ಓಡಿದ್ದು 171 ದಿನ. ಅವಳು ಓಡಿದ್ದು ಎರಡು ದಿನ.

‘ಶಿಸ್ತು ಶಿಸ್ತು ಅಂದ್ರಲ್ಲ ಇವತ್ತ ಎಲ್ಲಾರೂ’ ಎಂದಳು, ‘ಅದು ನನ್ನ ನಿದ್ದಿ ರೀ.’

ಅವಳು ಓಡುವುದೇನು ಎಂದು ಕೇಳಬೇಡಿ. ನಮ್ಮಿಬ್ಬರಲ್ಲಿ ನಿಜವಾದ ಓಟಗಾರ್ತಿ ಅವಳೇ. ಕಾಲೇಜಿನಲ್ಲಿ 800 ಮೀಟರ್ ಓಡಿ ಗೆದ್ದ ಪ್ರಶಸ್ತಿಪತ್ರಗಳು ಈಗಲೂ ಟ್ರಂಕಿನ ತಳದಲ್ಲಿ ಬಾಣಂತನದ ಬಟ್ಟೆಗಳ ಕೆಳಗಿವೆ. ಹೆರಿಗೆಯ ನಂತರ ಅವಳು ಓಟ ಬಿಟ್ಟದ್ದಕ್ಕೆ ನಾನು, ನನ್ನವರು, ಅವಳವರು ಎಲ್ಲರೂ ಕೊಟ್ಟುಕೊಂಡ ಕಾರಣ ಒಂದೇ: ಅವಳಿಗೀಗ ಆಸಕ್ತಿ ಇಲ್ಲ. ಎಷ್ಟು ಸುಲಭವಾದ ಕಾರಣ ನೋಡಿ! ಗಂಡಸು ಓಡಿದರೆ ಅವನಿಗೆ ಮನಸ್ಸಿದೆ; ಹೆಂಗಸು ಓಡದಿದ್ದರೆ ಅವಳಿಗೆ ಮನಸ್ಸಿಲ್ಲ. ಮಾರ್ಗದ ಮಾತನ್ನು ಯಾರೂ ಎತ್ತುವುದಿಲ್ಲ.

ಈ 800 ಮೀಟರಿಗೇ ಒಂದು ಚರಿತ್ರೆಯಿದೆ. 1928ರ ಆಮ್‌ಸ್ಟರ್‌ಡಾಮ್ ಒಲಿಂಪಿಕ್ಸಿನಲ್ಲಿ ಹೆಂಗಸರಿಗೆ ಮೊದಲ ಸಲ ಆ ಓಟವನ್ನು ಇಟ್ಟರು. ಅಂತಿಮ ಸುತ್ತಿನಲ್ಲಿ ಓಡಿದ ಒಂಬತ್ತು ಜನರೂ ಗುರಿ ಮುಟ್ಟಿದರು. ಗೆದ್ದ ಜರ್ಮನಿಯ ಲೀನಾ ರಾಡ್ಕೆ ವಿಶ್ವದಾಖಲೆ ಮಾಡಿದಳು. ಆದರೆ ಪತ್ರಿಕೆಗಳವರು ಹೆಂಗಸರು ಕುಸಿದು ಬಿದ್ದರೆಂದೂ ಇಷ್ಟು ದೂರ ಅವರ ದೇಹಕ್ಕೆ ಸಲ್ಲದೆಂದೂ ಬರೆದರು. ಗಂಡಸರು ಓಡಿ ಮುಗಿಸಿ ನೆಲದ ಮೇಲೆ ಬಿದ್ದುಕೊಂಡರೆ ಅದು ಪರಾಕ್ರಮ. ಆ ಓಟವನ್ನು ತೆಗೆದೇ ಹಾಕಿದರು. ಹೆಂಗಸರು ಒಲಿಂಪಿಕ್ಸಿನಲ್ಲಿ ಮತ್ತೆ 800 ಮೀಟರ್ ಓಡಿದ್ದು 1960ರಲ್ಲಿ, ರೋಮಿನಲ್ಲಿ. ಮ್ಯಾರಥಾನಿಗಾಗಿ 1984ರ ತನಕ ಕಾಯಬೇಕಾಯಿತು. ಆ ಮೂವತ್ತೆರಡು ವರ್ಷ, ಈ ಐವತ್ತಾರು ವರ್ಷ ಲೋಕದ ಹೆಂಗಸರಿಗೆ ಮನಸ್ಸಿರಲಿಲ್ಲವೆ? ಮನಸ್ಸು ಬೇಕಾದಷ್ಟಿತ್ತು, ಮಾರ್ಗಕ್ಕೆ ಬೇಲಿ ಹಾಕಿದ್ದರು.

ಇಲ್ಲಿಗೆ ಬಂದಾಗ ನಮ್ಮ ಭಾಷಣಕಾರರು ಬೇರೊಂದು ಬಾಣ ಬಿಡುತ್ತಾರೆ: ಪಿ.ಟಿ. ಉಷಾ ಮಗ ಹುಟ್ಟಿದ ಮೇಲೆಯೂ ಓಡಲಿಲ್ಲವೆ? 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಎರಡು ಮಕ್ಕಳ ತಾಯಿ ಫ್ಯಾನಿ ಬ್ಲಾಂಕರ್ಸ್-ಕೋಯೆನ್ ನಾಲ್ಕು ಚಿನ್ನ ಗೆಲ್ಲಲಿಲ್ಲವೆ? ಗೆದ್ದರು, ತಲೆಬಾಗುತ್ತೇನೆ. ಆದರೆ ಆ ಹೆಸರುಗಳನ್ನು ಮನೆಯ ಹೆಂಗಸಿನ ಮೇಲೆ ಬೀಸುವ ಬೆತ್ತ ಮಾಡಿಕೊಳ್ಳುವವರು ಇನ್ನರ್ಧ ಕಥೆಯನ್ನೂ ಹೇಳಲಿ. ಫ್ಯಾನಿಯ ತರಬೇತುದಾರ ಅವಳ ಗಂಡನೇ ಆಗಿದ್ದ. ಅಂದರೆ ಅವಳ ಓಟ ಅವನದೂ ಕೆಲಸವಾಗಿತ್ತು. ನಮ್ಮಲ್ಲಿ ಎಷ್ಟು ಗಂಡಂದಿರಿಗೆ ಹೆಂಡತಿಯ ಓಟ ತಮ್ಮ ಕೆಲಸ?

ಅಂಕಿಸಂಖ್ಯೆ ಬೇಕೆನ್ನುವವರಿಗೆ ಅದೂ ಇದೆ. 2019ರಲ್ಲಿ ಕೇಂದ್ರ ಸರಕಾರ ನಡೆಸಿದ ಸಮಯ ಬಳಕೆಯ ಸಮೀಕ್ಷೆಯಲ್ಲಿ, ಸಂಬಳವಿಲ್ಲದ ಮನೆಗೆಲಸ ಮಾಡುವವರನ್ನಷ್ಟೇ ಲೆಕ್ಕಕ್ಕೆ ಹಿಡಿದಾಗ, ಹೆಂಗಸರು ಅದಕ್ಕೆ ದಿನಕ್ಕೆ 299 ನಿಮಿಷ ಕೊಡುತ್ತಿದ್ದರು. ಗಂಡಸರು 97 ನಿಮಿಷ. ಮಕ್ಕಳ, ಮುದುಕರ ಆರೈಕೆಯ ಲೆಕ್ಕ ಬೇರೆ. ಎರಡರ ನಡುವೆ ಇರುವ ಅಂತರ ಮೂರು ತಾಸಿಗಿಂತ ಹೆಚ್ಚು. ನನ್ನ ಬೆಳಗಿನ ಒಂದು ತಾಸು ಆಕಾಶದಿಂದ ಉದುರಿದ್ದಲ್ಲ, ಈ ಮೂರು ತಾಸಿನಿಂದ ಕತ್ತರಿಸಿಕೊಂಡದ್ದು.

ಇದನ್ನೆಲ್ಲ ಗಂಡಹೆಂಡಿರ ಒಳಜಗಳವೆಂದು ತಳ್ಳಿಹಾಕುವವರೂ ಇದ್ದಾರೆ. 2017ರಲ್ಲಿ ತಿದ್ದುಪಡಿಯಾದ ಹೆರಿಗೆ ಸೌಲಭ್ಯ ಕಾಯ್ದೆ 26 ವಾರಗಳ ರಜೆ ಕೊಟ್ಟಿತು. 50 ಮತ್ತು ಅದಕ್ಕಿಂತ ಹೆಚ್ಚು ಜನ ದುಡಿಯುವಲ್ಲಿ ಶಿಶುಪಾಲನಾ ಕೇಂದ್ರ ಇರಬೇಕೆಂದಿತು. ನನ್ನ ಹೆಂಡತಿ ಪಾಠ ಹೇಳುವ ಶಾಲೆಯಲ್ಲಿ ಅಷ್ಟು ಜನವೇ ಇಲ್ಲ. ತಾಯಂದಿರಿಗೆ ಕೊಟ್ಟ ಆ ರಜೆಯೂ ‘ಕೂಸು ತಾಯಿಯದೇ ಕೆಲಸ’ ಎಂಬ ಮಾತನ್ನು ಗಟ್ಟಿಮಾಡಿದಂತಾಗಿದೆ; ಖಾಸಗಿ ನೌಕರಿಯ ತಂದೆಗೆ ಆ ಕಾಯ್ದೆಯಲ್ಲಿ ಒಂದು ದಿನವೂ ಇಲ್ಲ. ಇನ್ನು ನಮ್ಮ ಮೈದಾನದ ದಾರಿಯಲ್ಲಿ ಬೀದಿದೀಪ ಕೆಟ್ಟು ತಿಂಗಳುಗಳಾಗಿವೆ. ಐದೂವರೆಯ ಕತ್ತಲಲ್ಲಿ ನಾನು ನಾಯಿಗಷ್ಟೇ ಹೆದರುತ್ತೇನೆ. ಅವಳು ಹೆದರಬೇಕಾದ ಪಟ್ಟಿ ಇನ್ನೂ ಉದ್ದ. ಇದೆಲ್ಲ ಮನಸ್ಸಿನ ಮಾತೋ, ಮಾರ್ಗದ ಮಾತೋ?

ದೇಹಕ್ಕೂ ತನ್ನದೇ ಹಟವಿದೆ. ಹೆರಿಗೆಯಾದ ಮೇಲೆ ಕನಿಷ್ಠ ಮೂರು ತಿಂಗಳು ಓಟಕ್ಕೆ ಇಳಿಯಬಾರದೆಂದು 2019ರಲ್ಲಿ ಬ್ರಿಟನ್ನಿನ ಫಿಸಿಯೋಥೆರಪಿಸ್ಟರು ಸಲಹೆ ಕೊಟ್ಟರು. ಕೆಳಹೊಟ್ಟೆಯ ಸ್ನಾಯುಗಳು ಸ್ಫೂರ್ತಿಯ ಭಾಷಣಕ್ಕೆ ಬೇಗ ಕೂಡಿಕೊಳ್ಳುವುದಿಲ್ಲ. ಮನಸ್ಸು ಗಟ್ಟಿ ಮಾಡಿಕೋ ಎಂದು ಬಾಣಂತಿಯನ್ನು ಹುರಿದುಂಬಿಸುವವನು ಅವಳಿಗೆ ಉಪಕಾರ ಮಾಡುತ್ತಿಲ್ಲ.

ನನ್ನ ಅವ್ವನ ಆಕ್ಷೇಪಣೆ ಬೇರೆಯದು, ಅದನ್ನು ನಾನು ಹಗುರವಾಗಿ ತೆಗೆದುಕೊಳ್ಳಲಾರೆ. ‘ದಿನಾ ಹೊಲದಾಗ ದುಡದಾವ್ರಿಗೆ ಓಟ ಎದಕ್ಕ ಬೇಕಾತು? ಇದು ಹೊಟ್ಟಿ ತುಂಬಿದವರ ಮಾತು’ ಎನ್ನುತ್ತಾಳೆ. ಹೌದು, ಓಟ ಹೊಟ್ಟೆ ತುಂಬಿದವರ ಮಾತೇ. ಆದರೆ ಹೊಟ್ಟೆ ತುಂಬಿದ ಮನೆಯಲ್ಲೂ ಒಬ್ಬರಿಗೇ ಆ ಹಕ್ಕು ಯಾಕೆ? ಅವ್ವ ಕಳೆ ಕಿತ್ತದ್ದು, ನೀರು ಹೊತ್ತದ್ದು ದುಡಿಮೆ; ಬೇಕೆಂದು ಮಾಡಿದ್ದಲ್ಲ. ನಿನಗೇನು ಬೇಕು ಎಂದು ಅವಳನ್ನು ಯಾರೂ ಕೇಳಲಿಲ್ಲ. ಅವಳನ್ನು ಕೇಳಲಿಲ್ಲ ಎಂಬುದು ನನ್ನ ಹೆಂಡತಿಯನ್ನೂ ಕೇಳದಿರಲು ಕಾರಣವಾಗಬಾರದು.

ಹಾಗಾದರೆ ಏನು ಮಾಡಿದಿರಿ ಎಂದು ಓದುಗರು ಕೇಳಬಹುದು. ದೊಡ್ಡದೇನೂ ಇಲ್ಲ. ವಾರವನ್ನು ಹಂಚಿಕೊಂಡೆವು. ಸೋಮವಾರ, ಬುಧವಾರ, ಶುಕ್ರವಾರ ಅವಳದು. ಮಂಗಳವಾರ, ಗುರುವಾರ, ಶನಿವಾರ ನನ್ನದು. ರವಿವಾರ ಮೂವರೂ ಮೈದಾನಕ್ಕೆ. ಒಬ್ಬರು ಓಡುವಾಗ ಇನ್ನೊಬ್ಬರು ಕೂಸಿನ ಜೊತೆ ಮಣ್ಣಾಡುವುದು. ದಿನಕ್ಕೆ ಅರ್ಧ ತಾಸು, ಹೆಚ್ಚಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ದೊಡ್ಡವರಿಗೆ ಹೇಳಿದ್ದು ವಾರಕ್ಕೆ ಕನಿಷ್ಠ 150 ನಿಮಿಷ ಸಾಧಾರಣ ವ್ಯಾಯಾಮ, ಇಲ್ಲವೇ 75 ನಿಮಿಷ ಬಿರುಸಿನದು. ಮೂರು ಅರ್ಧ ತಾಸುಗಳಲ್ಲಿ ಆ 75 ಮುಗಿದು ಬೂಟಿನ ಲಾಡಿ ಕಟ್ಟುವುದಕ್ಕೂ ಸಮಯ ಉಳಿಯುತ್ತದೆ. ಓಟ ಕಡಿಮೆಯಾದರೆ ಕಟ್ಟಿದ ಶಕ್ತಿ ಎಲ್ಲ ಕರಗೀತೆಂಬ ಭಯ ನನಗೂ ಇತ್ತು. 1980ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ನಡೆದ ಪ್ರಯೋಗವೊಂದು ಧೈರ್ಯ ಕೊಟ್ಟಿತು. ವಾರಕ್ಕೆ ಆರು ದಿನ, ದಿನಕ್ಕೆ 40 ನಿಮಿಷ ಕಠಿಣ ಅಭ್ಯಾಸ ಮಾಡಿದವರು ಅದನ್ನು ವಾರಕ್ಕೆ ನಾಲ್ಕೋ ಎರಡೋ ದಿನಕ್ಕೆ ಇಳಿಸಿ, ಬಿರುಸನ್ನು ಮಾತ್ರ ಬಿಡದಿದ್ದಾಗ, 15 ವಾರಗಳ ನಂತರವೂ ಅವರ ದೇಹ ಆಮ್ಲಜನಕ ಬಳಸುವ ಶಕ್ತಿ ಹೆಚ್ಚುಕಡಿಮೆ ಹಾಗೆಯೇ ಉಳಿದಿತ್ತು.

ನನ್ನ ವೇಗ ಕುಂದಿತು, ಮುಚ್ಚಿಡುವುದಿಲ್ಲ. ಹತ್ತು ಕಿಲೋಮೀಟರಿಗೆ 52 ನಿಮಿಷ ಇದ್ದದ್ದು 58ಕ್ಕೆ ಬಂದಿದೆ. ಈ ಆರು ನಿಮಿಷ ನಾನು ಕಳೆದುಕೊಂಡದ್ದಲ್ಲ, ವಾಪಸು ಕೊಟ್ಟದ್ದು. ಹುಮ್ಮಸ್ಸಿನ ಮಾತಿಗೆ ಬಂದರೆ, ಅದು ಮೊದಲಿಗಿಂತ ಹೆಚ್ಚಾಗಿದೆ. ದಿನವೂ ಓಡಬಹುದಾಗಿದ್ದಾಗ ‘ನಾಳೆ ನೋಡಿದರಾಯಿತು’ ಎಂದು ಮಗ್ಗಲು ಬದಲಿಸುತ್ತಿದ್ದೆ. ಈಗ ಮಂಗಳವಾರ ತಪ್ಪಿಸಿದರೆ ಬುಧವಾರ ನನ್ನದಲ್ಲ. ಎದುರಿನವರು ನಿದ್ದೆಗೆಟ್ಟು ಕೊಟ್ಟ ಅರ್ಧ ತಾಸನ್ನು ಹಾಸಿಗೆಯಲ್ಲಿ ಪೋಲುಮಾಡಲು ಯಾರಿಗೆ ಮನಸ್ಸು ಬಂದೀತು? ಮಾರ್ಗವಿದ್ದರೆ ಮನಸ್ಸು. ಗಾದೆಯನ್ನು ತಿರುಗಿಸಿ ಓದಿದರೆ ಸರಿಯಾಗುತ್ತದೆ.

ಒಂದು ಮಾತು ಉಳಿದಿದೆ. ಅವಳು ಮೈದಾನಕ್ಕೆ ಹೋದ ಮೊದಲ ವಾರವೇ, ದಿನಾ ವಾಯುಸಂಚಾರಕ್ಕೆ ಬರುವ ಹಿರಿಯರೊಬ್ಬರು ಅವಳನ್ನು ನಿಲ್ಲಿಸಿ ಕೇಳಿದರಂತೆ: ‘ಏನ್ರೀ ಅಕ್ಕೋರ, ಕೂಸಿನ್ನ ಎಲ್ಲಿ ಬಿಟ್ಟು ಬಂದೀರಿ?’ ಅದೇ ಹಿರಿಯರು ಎರಡು ವರ್ಷದಿಂದ ನನ್ನನ್ನು ನೋಡಿದಾಗಲೆಲ್ಲ ಕೇಳಿದ್ದು ಒಂದೇ ಪ್ರಶ್ನೆ: ‘ಇವತ್ತ ಎಷ್ಟ ಕಿಲೋಮೀಟರ್ರೀ ಸರ?’ ಆಗ ಕೂಸು ನನ್ನದೂ ಆಗಿತ್ತು. ಎಲ್ಲಿ ಬಿಟ್ಟು ಬಂದೆ ಎಂದು ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಹೇಳಲು ನನ್ನಲ್ಲಿ ಮರ್ಯಾದೆಯ ಉತ್ತರ ಇರಲಿಲ್ಲ.

ಸಂಘದವರಲ್ಲಿ ನನ್ನ ಬಿನ್ನಹ ಇಷ್ಟೇ. ಮುಂದಿನ ಸಲ ಸಣ್ಣ ಮಕ್ಕಳ ತಂದೆಯೊಬ್ಬನಿಗೆ ಶಾಲು ಹೊದಿಸುವ ಮೊದಲು ಆ ಪ್ರಶ್ನೆಯನ್ನು ಅವನಿಗೂ ಕೇಳಿ. ಉತ್ತರ ಸರಿಯಿಲ್ಲದಿದ್ದರೆ ಶಾಲಿನ ದುಡ್ಡನ್ನು ಉಳಿಸಿ, ಮೈದಾನದ ದಾರಿಗೆ ಒಂದು ದೀಪ ಹಾಕಿಸಿ. ನನ್ನ ಹೆಂಡತಿಗೆ ಸನ್ಮಾನ ಬೇಡವಂತೆ, ದೀಪವಾದರೆ ಸಾಕಂತೆ.

ಇದನ್ನು ಬರೆಯುತ್ತಿರುವುದು ಗುರುವಾರ ರಾತ್ರಿ. ನಾಳೆ ಅವಳ ಸರದಿ. ನಾನಿನ್ನು ಮಲಗಬೇಕು, ಕೂಸು ಐದಕ್ಕೇ ಏಳುತ್ತದೆ.